ಒಂದೇ ಕಲ್ಲಿನ ಎತ್ತರದ ಕಟ್ಟೆ

ಹೋದ ಸಲದ ಅಂಕಣದಲ್ಲಿ ಮಾತಿನ ಮಧ್ಯೆ "ಇಲ್ಲಿ ಮಾನ್ಸೂನ್ ಮುಗೀತು" ಅಂತ ಬರೆದಿದ್ದೆ. ಆಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಅರಿಜೋನಾ ಮರುಭೂಮಿ ಅಲ್ವಾ? ಅಲ್ಲಿ ಯಾವ ಮಾನ್ಸೂನ್ ರೀ?"

ಇದೆ. ಇಲ್ಲಿಯೋರೂ ಅದಕ್ಕೆ ಮಾನ್ಸೂನ್ ಅಂತಾನೇ ಕರೀತಾರೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅಂತ ಹವಾಮಾನ ಇಲಾಖೆಯೋರು ತಾರೀಕು ಬೇರೆ ಹಾಕಿಟ್ಟಿದ್ದಾರೆ, ಮೋಡಗಳು ಕ್ಯಾಲೆಂಡರ್ ನೋಡ್ಕೊಂಡು ಬರುತ್ತವೆ ಅನ್ನೋ ಹಾಗೆ. ಟೂಸಾನ್ ನಗರಕ್ಕೆ ವರ್ಷಕ್ಕೆ ಬೀಳೋ ಮಳೆ ಸುಮಾರು 270 ಮಿಲಿಮೀಟರ್. ಅದರಲ್ಲಿ ಅರ್ಧದಷ್ಟು ಈ ಮಾನ್ಸೂನ್‌ನಲ್ಲೇ, ಅದೂ ಮಧ್ಯಾಹ್ನದ ಮೇಲೆ ಒಂದೊಂದು ಗಂಟೆ ಗುಡುಗು ಸಿಡಿಲಿನ ಜೊತೆ ಸುರಿದು ಹೋಗುತ್ತೆ. ನಮ್ಮ ಪಾವಗಡದಲ್ಲಿ ಬೀಳೋದು ಹೆಚ್ಚುಕಮ್ಮಿ ಇದರ ಎರಡರಷ್ಟು. ಆದ್ರೂ ಬರಪೀಡಿತ ತಾಲ್ಲೂಕು ಅನ್ನೋ ಹಣೆಪಟ್ಟಿ ನಮಗೇ ಅಂಟಿಕೊಂಡಿದೆ.

ಇಷ್ಟು ಕಡಿಮೆ ಮಳೆ ಬೀಳೋ ಜಾಗದಲ್ಲಿ, ಜೂನ್ ತಿಂಗಳ 42 ಡಿಗ್ರಿ ಬಿಸಿಲಲ್ಲೂ ನೆಲದಿಂದ ತಾನಾಗೇ ನೀರು ಬರೋ ಜಾಗಗಳಿವೆ. ಬುಗ್ಗೆಗಳು. ಈ ವರ್ಷ ನಾನು ಅವುಗಳನ್ನ ನೋಡೋಕೆ ಅಂತಾನೇ ಮೂರು ಸಲ ಹೋದೆ: ಮಾರ್ಚ್, ಮೇ, ಅಕ್ಟೋಬರ್. ಗೈಡ್ ಜೊತೆ ಹದಿನೈದು ಜನರ ಗುಂಪು, ಶನಿವಾರ ಬೆಳಗ್ಗೆ ಹೊರಟು ಭಾನುವಾರ ಸಂಜೆ ವಾಪಸ್.

ಮೊದಲು ಇಂಗ್ಲಿಷಿನ ಬಗ್ಗೆ ಒಂದು ಮಾತು. ಅವರಿಗೆ ಇರೋದು "ಸ್ಪ್ರಿಂಗ್" ಅನ್ನೋ ಒಂದೇ ಪದ, ಅದನ್ನೂ ವಸಂತ ಋತುವಿಗೆ, ಹಾಸಿಗೆ ಒಳಗಿನ ಸುರುಳಿಗೆ ಹಂಚಿಕೊಂಡಿದ್ದಾರೆ. ನಮಗೆ ಬುಗ್ಗೆ ಇದೆ, ಊಟೆ ಇದೆ, ಒರತೆ ಇದೆ, ಚಿಲುಮೆ ಇದೆ. ತುಮಕೂರಿನೋರಿಗೆ ನಾಮದ ಚಿಲುಮೆ ಗೊತ್ತೇ ಇರುತ್ತೆ. ಜೊತೆಗೆ ನಮ್ಮ ಕಡೆ ಮಾತ್ರ ಇರೋ ತಲಪರಿಗೆ. ಅದಕ್ಕೆ ಆಮೇಲೆ ಬರ್ತೀನಿ. ಸ್ಪ್ಯಾನಿಷ್‌ನೋರು ಇನ್ನೂ ಚೆನ್ನಾಗಿ ಹೇಳ್ತಾರೆ: "ಓಹೊ ದೆ ಆಗ್ವಾ", ನೀರಿನ ಕಣ್ಣು. ಬಾವಿ ತೋಡುವಾಗ ನಮ್ಮೋರೂ "ಜಲದ ಕಣ್ಣು ಒಡೀತು" ಅಂತಾರಲ್ಲ, ಅದೇ ಕಣ್ಣು.

ನಾವು ಹೋಗಿದ್ದು ಅರಿಜೋನಾದ ಆಗ್ನೇಯ ಮೂಲೆಗೆ, ಚಿರಿಕಾವಾ ಬೆಟ್ಟಗಳಿಗೆ. ನಾನಿರೋ ಚಾಂಡ್ಲರ್‌ನಿಂದ ಸುಮಾರು ಮೂರು ಗಂಟೆಯ ಡ್ರೈವ್. ಸುತ್ತ ಒಣಹುಲ್ಲಿನ ಬಯಲು, ನಡುವೆ ಏಕ್ದಂ 9,700 ಅಡಿ ದಾಟಿ ನಿಂತ ಬೆಟ್ಟ. ಕೆಳಗೆ ಕಳ್ಳಿ ಗಿಡ, ಮೇಲೆ ಪೈನ್ ಕಾಡು, ಕರಡಿ. ಇಂಥ ಬೆಟ್ಟಗಳಿಗೆ ಇಲ್ಲಿ "ಸ್ಕೈ ಐಲೆಂಡ್" ಅಂತಾರೆ, ಆಕಾಶದ ದ್ವೀಪ. ಟೂಸಾನ್‌ನಲ್ಲಿ ಸ್ಕೈ ಐಲೆಂಡ್ ಅಲಯನ್ಸ್ ಅಂತಾನೇ ಒಂದು ಸಂಸ್ಥೆ ಇದೆ. ಸ್ವಯಂಸೇವಕರನ್ನ ಕಟ್ಟಿಕೊಂಡು ವರ್ಷಗಳಿಂದ ಈ ಭಾಗದ ಬುಗ್ಗೆಗಳ ಸರ್ವೆ ಮಾಡ್ತಿದೆ. ಪೆಟಗೋನಿಯಾ ಅನ್ನೋ ಪುಟ್ಟ ಊರಿನ ಬಾರ್ಡರ್‌ಲ್ಯಾಂಡ್ಸ್ ರೆಸ್ಟೊರೇಷನ್ ನೆಟ್‌ವರ್ಕ್‌ನೋರು ಹಳ್ಳಗಳನ್ನ ರಿಪೇರಿ ಮಾಡ್ತಾರೆ. ಇಂಥ ಕೆಲಸಕ್ಕೆ ಕೈ ಜೋಡಿಸೋ ಸಣ್ಣಪುಟ್ಟ ಗುಂಪುಗಳು ಬೇರೆಯೂ ಇವೆ. ನಾನು ಹೋದದ್ದು ಅಂಥದ್ದೊಂದರ ಜೊತೆ.

ಟ್ರೆಕಿಂಗ್ ಅಂದ್ಕೊಂಡು ಹೋದ್ರೆ ನಿರಾಸೆ ಆಗುತ್ತೆ. ಮಾರ್ಚ್‌ನಲ್ಲಿ ಇಡೀ ದಿನ ನಡೆದದ್ದು ಐದು ಕಿಲೋಮೀಟರ್ ಇದ್ದರೆ ಹೆಚ್ಚು. ಗಾಡಿ ಇಳಿದ ತಕ್ಷಣ ಮೊದಲ ಕೆಲಸ ಬೂಟಿನ ಅಡಿಭಾಗ ಬ್ರಷ್ ಹಾಕಿ ಉಜ್ಜಿ, ಔಷಧಿ ಸ್ಪ್ರೇ ಮಾಡೋದು. ಕಪ್ಪೆಗಳ ಚರ್ಮಕ್ಕೆ ಬರೋ ಒಂದು ಶಿಲೀಂಧ್ರ ರೋಗ ಇದೆ, ಒಂದು ಬುಗ್ಗೆಯ ಕೆಸರಿನ ಜೊತೆ ಇನ್ನೊಂದು ಬುಗ್ಗೆಗೆ ಹೋಗುತ್ತೆ. ಇಲ್ಲಿಯ ಚಿರಿಕಾವಾ ಲೆಪರ್ಡ್ ಕಪ್ಪೆ ಮೊದಲೇ ಅಳಿವಿನ ಅಂಚಿನಲ್ಲಿದೆ. ದೇವಸ್ಥಾನದ ಮುಂದೆ ಕಾಲು ತೊಳೆದ ಹಾಗೆ ಹದಿನೈದು ಜನ ಸಾಲಾಗಿ ನಿಂತು ಬೂಟು ತೊಳೆದ್ವಿ. ಎರಡನೇ ನಿಯಮ, ಬುಗ್ಗೆಯ ಫೋಟೋ ತೆಗೀಬಹುದು, ಲೊಕೇಶನ್ ಹಾಕೋ ಹಾಗಿಲ್ಲ. ಒಂದು ರೀಲ್ ವೈರಲ್ ಆದ್ರೆ ಮುಂದಿನ ತಿಂಗಳು ಅಲ್ಲಿ ಬಿಯರ್ ಕ್ಯಾನ್ ಇರುತ್ತೆ ಅಂತ ನಮ್ಮ ಗೈಡ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು. ನಂದಿ ಬೆಟ್ಟ ನೋಡಿರೋ ನಾನು ಏನು ವಾದ ಮಾಡಲಿ?

ಗೈಡ್ ಅರವತ್ತು ದಾಟಿದ ಮಹಿಳೆ, ನಿವೃತ್ತಿಯಾದ ಜಲವಿಜ್ಞಾನಿ. ತಲೆ ಮೇಲೆ ಹಳೇ ಟೋಪಿ, ಬೆನ್ನ ಮೇಲೆ ನಮ್ಮೆಲ್ಲರಿಗಿಂತ ಭಾರದ ಬ್ಯಾಗ್. ಪ್ರಶ್ನೆ ಕೇಳಿದ್ರೆ ತಕ್ಷಣ ಉತ್ತರ ಕೊಡಲ್ಲ, "ಮೊದಲು ಮೇಲೆ ನೋಡಿ" ಅಂತಾರೆ. ಬುಗ್ಗೆ ನೋಡೋಕೆ ಬಂದಿರೋ ನಾವು ಎಲ್ಲರೂ ನೆಲ ನೋಡ್ತಾ ನಿಂತಿದ್ವಿ. ಅವರು ಬೆಟ್ಟದ ಇಳಿಜಾರು ತೋರಿಸ್ತಿದ್ರು.

ಬುಗ್ಗೆಗಳಲ್ಲಿ 12 ಬಗೆ ಅಂತ ತಜ್ಞರು ಪಟ್ಟಿ ಮಾಡಿದ್ದಾರಂತೆ. ಬಂಡೆ ಸಂದಿಯಿಂದ ಜಿನುಗೋದು ಒಂದು. ಹಳ್ಳದ ತಳದಲ್ಲೇ ಏಳೋದು ಇನ್ನೊಂದು. ಗದ್ದೆಯ ಕೆಸರಿನ ಥರ ಅಗಲಕ್ಕೆ ಹರಡಿಕೊಳ್ಳೋದು ಮತ್ತೊಂದು. ಅದಕ್ಕೆ ಇಲ್ಲಿ "ಸಿಯೆನೆಗಾ" ಅಂತ ಸ್ಪ್ಯಾನಿಷ್ ಹೆಸರು. ನಾವು ಮಾರ್ಚ್‌ನಲ್ಲಿ ನೋಡಿದ ಮೊದಲ ಬುಗ್ಗೆ ಬಂಡೆ ಸಂದಿಯದು. ಯಾರೋ ರ‍್ಯಾಂಚಿನೋರು ಎಷ್ಟೋ ವರ್ಷದ ಹಿಂದೆ ಅದಕ್ಕೆ ಸಿಮೆಂಟ್ ತೊಟ್ಟಿ ಕಟ್ಟಿ, ದನಗಳಿಗೆ ಅಂತ ಪೈಪ್ ಹಾಕಿದ್ರು. ಪೈಪ್ ತುಕ್ಕು ಹಿಡಿದಿದೆ, ನೀರು ತೊಟ್ಟಿಯ ಬಿರುಕಿನಿಂದ ಹೊರಗೆ ಬರ್ತಿದೆ. ಸುತ್ತ ಹತ್ತಡಿ ಜಾಗ ಮಾತ್ರ ಹಸಿರು, ಪಾಚಿ, ಜೇನ್ನೊಣ.

ಅಲ್ಲಿ ನಮಗೆ ಕೊಟ್ಟ ಕೆಲಸ, ನೀರು ಅಳೆಯೋದು. ಉಪಕರಣ ಏನು ಗೊತ್ತಾ? ಒಂದು ಪಿವಿಸಿ ಪೈಪಿನ ತುಂಡು, ಒಂದು ಲೀಟರ್‌ನ ಜಗ್ಗು, ಫೋನಿನ ಸ್ಟಾಪ್‌ವಾಚ್. ಸೋರೋ ನೀರನ್ನೆಲ್ಲ ಪೈಪಿಗೆ ತಿರುಗಿಸಿ ಜಗ್ಗು ತುಂಬೋಕೆ ಎಷ್ಟು ಸೆಕೆಂಡು ಅಂತ ನೋಡೋದು. ಐದು ಸಲ ಅಳತೆ ಮಾಡಿ ಸರಾಸರಿ ತೆಗೆದ್ವಿ: 22 ಸೆಕೆಂಡ್. ಅಂದ್ರೆ ದಿನಕ್ಕೆ ಸುಮಾರು 3,900 ಲೀಟರ್. ಬೆಂಗಳೂರಿನ ನಮ್ಮ ಹಳೇ ಅಪಾರ್ಟ್‌ಮೆಂಟ್‌ಗೆ ಬರ್ತಿದ್ದ 6,000 ಲೀಟರ್ ಟ್ಯಾಂಕರ್ ತುಂಬೋಕೆ ಈ ಬುಗ್ಗೆಗೆ ಒಂದೂವರೆ ದಿನ ಬೇಕು. ಆದರೆ ಸುತ್ತಲ ಎಷ್ಟೋ ಕಿಲೋಮೀಟರ್‌ನಲ್ಲಿ ಕರಡಿ, ಜಿಂಕೆ, ಕೋಟಿ, ಹಕ್ಕಿ, ಎಲ್ಲಕ್ಕೂ ಬೇಸಿಗೆಯಲ್ಲಿ ಇರೋದು ಇದೊಂದೇ ಟ್ಯಾಂಕರ್. (ಕೋಟಿ ಅಂದ್ರೆ ಉದ್ದ ಮೂತಿ, ಉದ್ದ ಬಾಲದ ಒಂದು ಪ್ರಾಣಿ. ಹೆಸರು ಕೇಳಿ ನನಗೆ ಮೊದಲು ಕ್ರೋರ್ ಅಂತಾನೇ ಅನಿಸಿತ್ತು.)

"ಈ ನೀರು ಎಷ್ಟು ಹಳೇದು?" ಅಂತ ಗುಂಪಿನಲ್ಲಿ ಒಬ್ಬರು ಕೇಳಿದ್ರು. ಬುಗ್ಗೆಯಿಂದ ಬುಗ್ಗೆಗೆ ಬೇರೆ ಅಂದ್ರು ಗೈಡ್. ಕೆಲವು ಹೋದ ವರ್ಷದ ಹಿಮ, ಕೆಲವು ಸಾವಿರಾರು ವರ್ಷದ ಹಿಂದೆ ಬಿದ್ದ ಮಳೆ. ಮೇಲಿನದು ಮಳೆ ಕಮ್ಮಿಯಾದ ವರ್ಷವೇ ಸೊರಗುತ್ತೆ. ಆಳದ್ದು ಸೊರಗೋದು ನಿಮಗೆ ಕಾಣಿಸೋ ಹೊತ್ತಿಗೆ ಕಾರಣ ಮಾಡಿದೋರು ಊರು ಬಿಟ್ಟಿರ್ತಾರೆ. ಪ್ರೊಡಕ್ಷನ್‌ನಲ್ಲಿ ಬಗ್ ಬರೋದಕ್ಕೂ ಅದನ್ನ ಬರೆದೋನು ಕೆಲಸ ಬಿಟ್ಟಿರೋದಕ್ಕೂ ಇರೋ ಸಂಬಂಧ ನಮ್ಮ ಫೀಲ್ಡಿನೋರಿಗೆ ಗೊತ್ತು, ಬಿಡಿ.

ಈ ಬೆಟ್ಟದ ಬುಡದಲ್ಲಿ ಒಂದು ಕಾಲಕ್ಕೆ ಬುಗ್ಗೆ, ಸಿಯೆನೆಗಾ ಇನ್ನೂ ಎಷ್ಟೋ ಇದ್ವು. ಹಳ್ಳಗಳು ಈಗಿನ ಹಾಗೆ ಆಳದ ಕೊರಕಲು ಆಗಿರಲಿಲ್ಲ. ಹುಲ್ಲುಗಾವಲಿನ ಮೇಲೆ ನೀರು ತೆಳ್ಳಗೆ ಹರಡಿಕೊಂಡು ಹೋಗ್ತಿತ್ತು. 1880ರಲ್ಲಿ ಟೂಸಾನ್‌ಗೆ ರೈಲು ಬಂತು. ಹಿಂದೆಯೇ ದನಗಳು ಬಂದವು, ಬಯಲು ಹೊರೋಕೆ ಆಗದಷ್ಟು. 1891ರಿಂದ 93ರವರೆಗೆ ಮಳೆ ಕೈಕೊಡ್ತು. ದನಗಳು ಹುಲ್ಲನ್ನ ಬೇರು ಸಮೇತ ತಿಂದು, ಆಮೇಲೆ ರಾಶಿ ರಾಶಿ ಸತ್ತವು. ಬರಿದಾದ ನೆಲದ ಮೇಲೆ ಮುಂದಿನ ಮಳೆ ಬಿದ್ದಾಗ ತಡೆಯೋಕೆ ಏನೂ ಇರಲಿಲ್ಲ. ನೀರು ಒಂದೇ ಗೆರೆ ಹಿಡಿದು ಕೊರೀತಾ ಹೋಯ್ತು. ಮೊಣಕಾಲುದ್ದದ ಹಳ್ಳ ಎರಡಾಳು ಆಳ ಆಯ್ತು.

ಹಳ್ಳ ಆಳ ಆದ್ರೆ ಬುಗ್ಗೆಗೆ ಏನು ಅಂತ ನನಗೆ ಮೊದಲು ಅರ್ಥ ಆಗಲಿಲ್ಲ. ಗೈಡ್ ಒಂದು ಒದ್ದೆ ಸ್ಪಂಜು ತೆಗೆದು ಕಲ್ಲಿನ ಮೇಲಿಟ್ಟು ನಡುವೆ ಚಾಕುವಿನಿಂದ ಸೀಳಿದ್ರು. ಸೀಳಿದ ಕಡೆಯಿಂದ ನೀರು ಸುರಿದು ಸ್ಪಂಜು ಒಣಗ್ತಾ ಬಂತು. ಅಷ್ಟೇ ಕತೆ. ಎರಡೂ ಕಡೆಯ ನೆಲದಲ್ಲಿ ಕೂತಿದ್ದ ನೀರು ಹಳ್ಳದ ತಳದ ಮಟ್ಟಕ್ಕೆ ಇಳಿದುಬಿಡುತ್ತೆ. ಮೇಲಿನ ಹುಲ್ಲು, ಮರ, ಒರತೆ ಎಲ್ಲ ಬಾಯಾರಿ ಸಾಯುತ್ತವೆ.

ಹಾಗಾದ್ರೆ ರಿಪೇರಿ ಹೇಗೆ? ಮೇ ತಿಂಗಳ ಟ್ರಿಪ್ ಇದಕ್ಕೇ ಇದ್ದದ್ದು.

ನಾನು ಜೆಸಿಬಿ, ಕಾಂಕ್ರೀಟ್, ಚೆಕ್ ಡ್ಯಾಂ ಊಹಿಸಿಕೊಂಡು ಹೋಗಿದ್ದೆ. ಕೈಗೆ ಕೊಟ್ಟದ್ದು ಒಂದು ಜೊತೆ ಚರ್ಮದ ಗ್ಲವ್ಸ್. ಹಳ್ಳದ ಅಗಲಕ್ಕೆ ಕಲ್ಲು ಜೋಡಿಸೋದು, ಐದಾರು ಸಾಲು, ಒತ್ತೊತ್ತಾಗಿ, ಸಂದಿ ಇಲ್ಲದ ಹಾಗೆ. ಎತ್ತರ ಮಾತ್ರ ಒಂದೇ ಕಲ್ಲು. ಕಲ್ಲಿನ ಮೇಲೆ ಕಲ್ಲು ಇಟ್ಟರೆ ಗೈಡ್ ಬಂದು ಸುಮ್ಮನೆ ತೆಗೆದು ಪಕ್ಕಕ್ಕೆ ಹಾಕ್ತಾರೆ. ಇದರ ಹೆಸರೇ "ಒನ್ ರಾಕ್ ಡ್ಯಾಂ". ಅಮೆರಿಕದ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಬಿಲ್ ಝೀಡಿಕ್ ಅನ್ನೋರು ಇಂಥ ವಿಧಾನಗಳನ್ನ ರೂಪಿಸಿ ಊರೂರಲ್ಲಿ ಕಲಿಸಿದೋರು. 2009ರಲ್ಲಿ ವ್ಯಾನ್ ಕ್ಲಾಥಿಯರ್ ಜೊತೆ ಅವರು ಬರೆದ ಪುಸ್ತಕದ ಹೆಸರಿನ ಅರ್ಥ ಕನ್ನಡದಲ್ಲಿ "ಕೆಲಸ ನೀರೇ ಮಾಡಲಿ ಬಿಡಿ" ಅಂತ.

ಯಾಕೆ ಒಂದೇ ಕಲ್ಲು? ಎತ್ತರಕ್ಕೆ ಕಟ್ಟಿದ್ರೆ ನೀರು ಮೇಲಿಂದ ಧುಮುಕುತ್ತೆ. ಧುಮುಕಿದ ಕಡೆ ಗುಂಡಿ ಬೀಳುತ್ತೆ, ಗುಂಡಿ ಹಿಂದಕ್ಕೆ ತಿಂತಾ ಬಂದು ಕಟ್ಟೆಯನ್ನೇ ಉರುಳಿಸುತ್ತೆ. ತಗ್ಗಾಗಿದ್ರೆ ನೀರು ಕಲ್ಲಿನ ಮೇಲೆ ತೆವಳಿಕೊಂಡು ಹೋಗುತ್ತೆ, ವೇಗ ಕಳ್ಕೊಳ್ಳುತ್ತೆ, ಹೊತ್ತು ತಂದ ಮಣ್ಣನ್ನ ಕಲ್ಲಿನ ಸಂದಿಯಲ್ಲೇ ಬಿಡುತ್ತೆ. ಮಣ್ಣಲ್ಲಿ ಹುಲ್ಲು ಬರುತ್ತೆ, ಹುಲ್ಲು ಇನ್ನಷ್ಟು ಮಣ್ಣು ಹಿಡಿಯುತ್ತೆ. ಕಲ್ಲು ಪೂರ್ತಿ ಮುಚ್ಚಿ ಹೋದ ಮೇಲೆ, ಒಂದೆರಡು ವರ್ಷ ಬಿಟ್ಟು, ಅದರ ಮೇಲೆ ಇನ್ನೊಂದು ಪದರ. ಹೀಗೆ ಹಳ್ಳದ ತಳ ಬೆರಳು ಬೆರಳಷ್ಟೇ ಮೇಲೇಳುತ್ತೆ. ಹಳ್ಳ ಹಿಂದಕ್ಕೆ ಕುಸೀತಾ ಹೋಗೋ ತುದಿಗಳಲ್ಲಿ ಬೇರೆ ಉಪಾಯ. ಅಲ್ಲಿ ಬೋಗುಣಿ ಆಕಾರಕ್ಕೆ ಕಲ್ಲು ಹಾಸಿ ನೀರು ಬೀಳೋ ರಭಸ ಒಡೀತಾರೆ. ಅದಕ್ಕೆ ಝೂನಿ ಬೌಲ್ ಅಂತ ಹೆಸರು.

ಇದು ಕೆಲಸ ಮಾಡುತ್ತೆ ಅನ್ನೋಕೆ ಪುರಾವೆ ಬೇಕಲ್ಲ? ಅದೂ ಇದೇ ಬೆಟ್ಟದಲ್ಲಿದೆ. ಚಿರಿಕಾವಾದ ಪಶ್ಚಿಮ ಇಳಿಜಾರಿನಲ್ಲಿ ಎಲ್ ಕೊರೊನಾಡೊ ಅನ್ನೋ ರ‍್ಯಾಂಚ್. ಅಲ್ಲಿ ಜೊಸಾಯಾ ಮತ್ತು ವ್ಯಾಲರ್ ಆಸ್ಟಿನ್ ದಂಪತಿ 1980ರ ದಶಕದಿಂದ ಶುರುಮಾಡಿ, ಹಳ್ಳಗಳಲ್ಲಿ 2,000ಕ್ಕೂ ಹೆಚ್ಚು ಸಣ್ಣ ಕಲ್ಲುಕಟ್ಟೆ ಕಟ್ಟಿಸಿದ್ರು. ಕೆಳಗಿನೋರಿಗೆ ಅನುಮಾನ ಬರೋದು ಸಹಜ: ಮೇಲೆ ತಡೆದ್ರೆ ನಮ್ಮ ಪಾಲಿನ ನೀರು ಎಲ್ಲಿ? ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಲಾರಾ ನಾರ್ಮನ್ ಮತ್ತು ಸಂಗಡಿಗರು ಅದನ್ನೇ ಅಳೆದು ನೋಡಿದ್ರು. ಕಟ್ಟೆಗಳಿರೋ ಒಂದು ಕಣಿವೆ, ಪಕ್ಕದಲ್ಲೇ ಕಟ್ಟೆ ಇಲ್ಲದ ಇನ್ನೊಂದು ಕಣಿವೆ. ನಮ್ಮ ಭಾಷೆಯಲ್ಲಿ ಎ/ಬಿ ಟೆಸ್ಟ್. ಕಟ್ಟೆ ಇದ್ದ ಕಡೆ ಪ್ರವಾಹದ ರಭಸ ಕಮ್ಮಿ, ಆದ್ರೆ ಒಟ್ಟು ಹರಿದ ನೀರು 28 ಪ್ರತಿಶತ ಹೆಚ್ಚು. ಕಟ್ಟೆಗಳ ಹಿಂದೆ ಕೂತ ಮಣ್ಣು ನೀರು ಕುಡಿದು, ಮಳೆ ನಿಂತ ಮೇಲೆ ನಿಧಾನಕ್ಕೆ ಬಿಡುತ್ತೆ.

ಈ ಅಂಕಿ ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಬೇರೆ ಇತ್ತು.

ಪಾವಗಡ ಅಂದ್ರೆ ಈಗ ಎಲ್ಲರಿಗೂ ಸೋಲಾರ್ ಪಾರ್ಕ್. ನಮ್ಮೂರು ಅದರ ವ್ಯಾಪ್ತಿಗೆ ಬರಲಿಲ್ಲ. ನಮ್ಮದು ಇನ್ನೂ ಕಡಲೆಕಾಯಿ, ಒಂದಿಷ್ಟು ಅಡಿಕೆ ಆಸೆ, ಮತ್ತು ಬೋರು. ಅಪ್ಪ ಎರಡು ಬೋರು ಕೊರೆಸಿ ಎರಡೂ ಫೇಲ್ ಆಗಿದ್ವು. ಮೊದಲನೇದರಲ್ಲಿ ಎರಡಿಂಚು ನೀರು ಬಂದು ಮೂರೇ ವರ್ಷಕ್ಕೆ ನಿಂತಿತು, ಎರಡನೇದರಲ್ಲಿ ಬರೀ ಧೂಳು. ಮೇ ತಿಂಗಳಲ್ಲಿ ಮೂರನೇದಕ್ಕೆ ಪಾಯಿಂಟ್ ಮಾಡಿಸಿದ್ರು. ತೆಂಗಿನಕಾಯಿ ಅಂಗೈಯಲ್ಲಿ ಎದ್ದು ನಿಂತಿದೆಯಂತೆ. ಸಾವಿರ ಅಡಿ ಹೋಗ್ಬೇಕು, ಲಾರಿ ಹೇಳಿ ಆಗಿದೆ, ದುಡ್ಡು ನಾನೂ ಅಣ್ಣನೂ ಸೇರಿ ಕಳಿಸ್ಬೇಕು.

ನಮ್ಮೂರ ಕೆರೆ ಅಂಗಳದಲ್ಲಿ ಒಂದು ತಲಪರಿಗೆ ಇತ್ತು. ಗೊತ್ತಿಲ್ಲದೋರಿಗೆ: ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಕಡೆ ಕೆರೆ ಅಂಗಳದಲ್ಲೋ ಹಳ್ಳದ ಮರಳಲ್ಲೋ ಮೇಲುಮಟ್ಟದಲ್ಲೇ ನೀರು ಉಕ್ಕೋ ಜಾಗಕ್ಕೆ ತಲಪರಿಗೆ ಅಂತಾರೆ. ಅಲ್ಲಿಂದ ಕಾಲುವೆ ತೋಡಿ ನೀರನ್ನ ಹೊಲಕ್ಕೆ ಹರಿಸ್ತಾರೆ. ಮೋಟರ್ ಇಲ್ಲ, ಕರೆಂಟ್ ಇಲ್ಲ. ನೀರು ಹಂಚೋಕೆ ನೀರುಗಂಟಿ. ವರ್ಷಕ್ಕೊಮ್ಮೆ ಊರೋರೆಲ್ಲ ಸೇರಿ ಹೂಳು ತೆಗೀಬೇಕು. ಅಪ್ಪ ಹುಡುಗನಾಗಿದ್ದಾಗ ಆ ಕೆಲಸಕ್ಕೆ ಹೋಗಿದ್ದೋರೇ. ನಾನು ಹುಟ್ಟೋ ಹೊತ್ತಿಗೆ ಅದು ಬರೀ ಹೆಸರು.

ಮೇ ಟ್ರಿಪ್‌ನಲ್ಲಿ ನನ್ನ ಪಕ್ಕ ಕಲ್ಲು ಜೋಡಿಸ್ತಿದ್ದದ್ದು ವಿಲ್ಕಾಕ್ಸ್ ಪಟ್ಟಣದ ಹತ್ತಿರದ ಒಬ್ಬ ಹೆಂಗಸು. ಬೆಟ್ಟದ ಬುಡದ ಆ ಬಯಲಿನ ಹೆಸರು ಸಲ್ಫರ್ ಸ್ಪ್ರಿಂಗ್ಸ್ ವ್ಯಾಲಿ. ಹೆಸರಲ್ಲೇ ಬುಗ್ಗೆ ಇದೆ. ಈಗ ಅಲ್ಲಿರೋದು 1,000 ಅಡಿ ದಾಟಿದ ಕೊಳವೆಬಾವಿಗಳು. ದೊಡ್ಡ ಡೈರಿ, ಪಿಸ್ತಾ ತೋಟ, ಮೇವಿನ ಹೊಲ. ಅರಿಜೋನಾದಲ್ಲಿ 1980ರ ಅಂತರ್ಜಲ ಕಾನೂನು ಕೆಲವೇ ಪ್ರದೇಶಗಳಿಗೆ ಅನ್ವಯ. ಅದರ ಹೊರಗೆ ನಿಮ್ಮ ಜಮೀನಿನ ಅಡಿಯ ನೀರನ್ನ ನೀವು ಎಷ್ಟು ಬೇಕಾದ್ರೂ ಎತ್ತಬಹುದು. ಹಾಗಾಗಿ ಸಣ್ಣ ಮನೆಗಳ ಬಾವಿ ಒಣಗಿವೆ, ನೆಲ ಕುಸಿದು ಉದ್ದುದ್ದ ಬಿರುಕು ಬಿಟ್ಟಿದೆ.

"ನಮ್ಮ ಬಾವಿಯಲ್ಲಿ ಪಂಪ್ ಎರಡು ಸಲ ಇಳಿಸಿದ್ವಿ. ಇನ್ನು ಇಳಿಸೋಕೆ ತಳ ಇಲ್ಲ," ಅಂದ್ರು ಆಕೆ. ಈಗ ಲಾರಿ ನೀರು ತರಿಸ್ತಾರೆ. 2022ರ ನವೆಂಬರ್‌ನಲ್ಲಿ ನೀರೆತ್ತೋದಕ್ಕೆ ನಿಯಂತ್ರಣ ಬೇಕೋ ಬೇಡವೋ ಅಂತ ಜನರ ಮತಕ್ಕೆ ಬಿಟ್ಟಾಗ ಪಕ್ಕದ ಡಗ್ಲಸ್ ಭಾಗದೋರು ಬೇಕು ಅಂದ್ರು, ವಿಲ್ಕಾಕ್ಸ್‌ನೋರು ಬೇಡ ಅಂದ್ರು. ಆಕೆ ಬೇಕು ಅಂತ ಓಟು ಹಾಕಿದ್ರಂತೆ, ಅವರಣ್ಣ ಬೇಡ ಅಂತ. "ಸರ್ಕಾರ ಬಂದು ನಮ್ಮ ನಲ್ಲಿಗೆ ಮೀಟರ್ ಹಾಕುತ್ತೆ ಅಂತ ಅವನಿಗೆ ಭಯ. ಅವನ ಭಯವೂ ಸುಳ್ಳಲ್ಲ." ಕೊನೆಗೆ 2024ರ ಡಿಸೆಂಬರ್‌ನಲ್ಲಿ ರಾಜ್ಯವೇ ವಿಲ್ಕಾಕ್ಸ್ ಪ್ರದೇಶವನ್ನ ನಿಯಂತ್ರಣಕ್ಕೆ ತಗೊಂಡಿತು.

ನಾನು ಗೈಡ್‌ಗೆ ನೇರವಾಗಿ ಕೇಳಿದೆ: ಮೇಲೆ ನಾವು ಕಲ್ಲು ಇಡ್ತಾ, ಕೆಳಗೆ ಅವರು ಸಾವಿರ ಅಡಿಯಿಂದ ಎತ್ತುತಾ ಇದ್ರೆ, ಇದೆಲ್ಲ ಯಾತಕ್ಕೆ?

ಅವರು ಕಲ್ಲು ಕೆಳಗಿಟ್ಟು, "ಈ ಕಟ್ಟೆ ಆ ಪಂಪಿಗೆ ಉತ್ತರ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ," ಅಂದ್ರು. "ಇದು ಈ ಹಳ್ಳಕ್ಕೆ, ಈ ಬುಗ್ಗೆಗೆ. ಪಂಪಿನ ವಿಷಯ ಮೀಟಿಂಗ್ ಹಾಲ್‌ನಲ್ಲಿ ಕೂತು ಬಗೆಹರಿಸ್ಬೇಕು. ನಾನು ಅಲ್ಲಿಗೂ ಹೋಗ್ತೀನಿ. ಅಲ್ಲಿ ಊಟ ಕೊಡಲ್ಲ, ಅದಕ್ಕೆ ಜನ ಕಮ್ಮಿ."

ನನಗೆ ಅವರ ಈ ಪ್ರಾಮಾಣಿಕತೆ ಇಷ್ಟವಾಯ್ತು. ಇಂಥ ಪ್ರವಾಸಗಳಲ್ಲಿ ಒಂದು ಅಪಾಯ ಇದೆ: ಅರ್ಧ ದಿನ ಕಲ್ಲು ಹೊತ್ತು, ಗ್ರೂಪ್ ಫೋಟೋ ತೆಗೆಸಿಕೊಂಡು, ಭೂಮಿ ಉಳಿಸಿಬಿಟ್ವಿ ಅನ್ನೋ ಭಾವನೆಯಲ್ಲಿ ಎಸಿ ಕಾರಲ್ಲಿ ವಾಪಸ್ ಬರೋದು. ನಮ್ಮ ಕಾರ್‌ಪೂಲ್‌ನಲ್ಲೂ ಒಬ್ಬರು ಹಾಗೇ ಮಾತಾಡ್ತಿದ್ರು. ನಾನು ನಿದ್ದೆ ಬಂದೋನ ಹಾಗೆ ಕಣ್ಣು ಮುಚ್ಚಿದ್ದೆ.

ಭಾನುವಾರ ರಾತ್ರಿ ಅಪ್ಪಂಗೆ ವಾಟ್ಸಾಪ್ ಕಾಲ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ. 28 ಪ್ರತಿಶತದ ಕತೆ ಹೇಳಿದೆ.

"ಏನಪ್ಪಾ, ಅಲ್ಲಿ ಕಲ್ಲು ಇಡೋಕೆ ಜನ ಪೆಟ್ರೋಲ್ ಹಾಕ್ಕೊಂಡು ಬರ್ತಾರಾ?" ಅಂತ ಕೇಳಿದ್ರು.

"ಹೂಂ ಅಪ್ಪ. ಊಟ ನಾವೇ ಕಟ್ಕೊಂಡು ಹೋಗ್ಬೇಕು."

"ಇಲ್ಲಿ ನಾನು ಹಳ್ಳದಲ್ಲಿ ಕಲ್ಲು ಇಡ್ತಾ ಕೂತ್ರೆ ಮಗ ಅಮೆರಿಕಕ್ಕೆ ಹೋದ ಮೇಲೆ ಇವನಿಗೆ ತಲೆ ಕೆಟ್ಟಿದೆ ಅಂತಾರೆ. ಅಡಿಕೆ ಗಿಡಕ್ಕೆ ಈ ಬೇಸಿಗೆಗೆ ನೀರು ಬೇಕು ಕಣಪ್ಪಾ. ನಿನ್ನ ಕಲ್ಲು ಎಷ್ಟು ವರ್ಷಕ್ಕೆ ನೀರು ಕೊಡುತ್ತೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಎರಡು ಫೇಲ್ ಬೋರಿನ ಸಾಲ ತೀರಿಸಿದ ಮನುಷ್ಯ ಅವರು. ಒಂಬತ್ತು ಸಾವಿರ ಮೈಲಿ ದೂರ ಕೂತು ಸ್ಟಾಪ್‌ವಾಚ್ ಹಿಡಿದ ನಾನು ಏನು ಹೇಳಲಿ? ಸುಮ್ಮನೆ ಆ ದಿನ ತೆಗೆದ ಒಂದು ಫೋಟೋ ಕಳಿಸಿದೆ, ನಮಗಿಂತ ಮೊದಲು ಬಂದಿದ್ದ ತಂಡ ಕಟ್ಟಿದ್ದ ಕಟ್ಟೆಯದು.

ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. "ಇದನ್ನ ಯಾರು ಕಟ್ಟಿದ್ದು? ಕಲ್ಲು ಎರಡೂ ಕಡೆ ದಡದೊಳಗೆ ಕೂತ್ಕೋಬೇಕು. ಇವರು ಅಂಚು ಬಿಟ್ಟವ್ರೆ. ನಡುವೆ ತಗ್ಗಿರಬೇಕು, ಅದನ್ನೂ ಮಾಡಿಲ್ಲ. ಮೊದಲ ಮಳೆಗೇ ಪಕ್ಕದಲ್ಲಿ ಕೊರ್ಕೊಂಡು ಹೋಗುತ್ತೆ ನೋಡು."

ಅಪ್ಪ ಓದಿದ್ದು ಏಳನೇ ಕ್ಲಾಸು. ಆದ್ರೆ ಇಪ್ಪತ್ತು ವರ್ಷ ಹೊಲದ ಬದು ಕಟ್ಟಿದ್ದಾರೆ, ಒಡೆದ ಬದು ಮತ್ತೆ ಕಟ್ಟಿದ್ದಾರೆ.

ಮಾನ್ಸೂನ್ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಅದೇ ಹಳ್ಳಕ್ಕೆ ಹೋದ್ವಿ. ಈ ಮೂರನೇ ಟ್ರಿಪ್‌ಗೆ ಬರೋರು ಕಮ್ಮಿ, ಎಂಟೇ ಜನ. ಹೊಸದಾಗಿ ಕಟ್ಟೋ ಖುಷಿ ಇಲ್ಲ ಇದರಲ್ಲಿ, ಕಟ್ಟಿದ್ದು ಉಳಿದಿದೆಯಾ ಅಂತ ನೋಡಿ ಬರ್ಕೊಳ್ಳೋದು. ಕೋಡ್ ಬರೆಯೋಕೆ ನೂರು ಜನ, ಮೇಂಟೆನೆನ್ಸ್‌ಗೆ ಯಾರೂ ಇಲ್ಲ ಅನ್ನೋದು ಇಲ್ಲೂ ಸತ್ಯ. ಹಳ್ಳದ ಹೆಚ್ಚಿನ ಕಟ್ಟೆಗಳು ಚೆನ್ನಾಗಿ ನಿಂತಿದ್ವು. ಕಲ್ಲು ಅರ್ಧ ಮುಚ್ಚುವಷ್ಟು ಮಣ್ಣು, ಅದರಲ್ಲಿ ಬೆರಳುದ್ದ ಹುಲ್ಲು. ಒಂದು ಕಡೆ ಜಿಂಕೆ ಗೊರಸಿನ ಗುರುತು ಒದ್ದೆ ಮಣ್ಣಲ್ಲಿ ಹಾಗೇ ಇತ್ತು. ಮಳೆ ನಿಂತು ಮೂರು ವಾರ ಆಗಿದ್ರೂ ಮಣ್ಣು ಕೈಯಲ್ಲಿ ಹಿಂಡಿದ್ರೆ ಉಂಡೆ ಆಗ್ತಿತ್ತು.

ಎರಡು ಕಟ್ಟೆ ಮಾತ್ರ ಕೈಕೊಟ್ಟಿದ್ವು. ನೀರು ಪಕ್ಕದ ದಡ ಕೊರೆದು ಹೋಗಿತ್ತು. ಅದರಲ್ಲಿ ಒಂದು, ನಾನು ಅಪ್ಪಂಗೆ ಫೋಟೋ ಕಳಿಸಿದ್ದೇ.

ಗೈಡ್‌ಗೆ ಆ ವಾಯ್ಸ್ ಮೆಸೇಜ್ ಕೇಳಿಸಿ, ಅರ್ಥ ಹೇಳಿದೆ. ಎರಡು ಸಲ ಹೇಳಿಸಿದ್ರು. ಹೊಸಬರು ಕಟ್ಟಿದ ಕಟ್ಟೆ ಹೆಚ್ಚಾಗಿ ಸೋಲೋದು ಇಲ್ಲೇ ಅಂತೆ, ತುದಿಗಳನ್ನ ದಡದೊಳಗೆ ಹೂಳದೆ ಬಿಟ್ಟಾಗ. "ನಿಮ್ಮ ತಂದೆ ಎಲ್ಲಿ ಕಲಿತದ್ದು?" ಅಂತ ಕೇಳಿದ್ರು. ಬದು ಅಂದ್ರೆ ಏನು ಅಂತ ವಿವರಿಸೋಕೆ ನನಗೆ ಹತ್ತು ನಿಮಿಷ ಬೇಕಾಯ್ತು.

ಈ ಸುದ್ದಿ ಹೇಳಿದಾಗ ಅಪ್ಪ ಏನೂ ಹೇಳಲಿಲ್ಲ. ಆದ್ರೆ ಮಾರನೇ ದಿನ 14 ಫೋಟೋ ಬಂದ್ವು, ನಮ್ಮೂರ ಕೆರೆಗೆ ನೀರು ತರೋ ಹಳ್ಳದ್ದು. ಆರರಲ್ಲಿ ಅವರ ಹೆಬ್ಬೆರಳೂ ಇದೆ. ಕೊನೆಗೆ ಒಂದು ಸಾಲು: "ನಿಮ್ಮ ಮೇಡಂಗೆ ತೋರಿಸು."

ಮೂರನೇ ಬೋರಿನ ವಿಷಯ ಕೇಳ್ತೀರಾ? ಆಗ ಹೇಳಿದ್ದ ಲಾರಿ ಬೇರೆ ಊರಿಗೆ ಹೋಯ್ತು, ಆಮೇಲೆ ಮಳೆ ಬಂತು, ಸದ್ಯಕ್ಕೆ ನಿಂತಿದೆ. ದುಡ್ಡು ನಾನಿನ್ನೂ ಕಳಿಸಿಲ್ಲ. ಕಳಿಸಲ್ಲ ಅಂತಾನೂ ಹೇಳಿಲ್ಲ. ಫೆಬ್ರವರಿ ಬಂದ್ರೆ ಅಡಿಕೆ ಗಿಡ ಕಾಯಲ್ಲ, ಅದು ನನಗೂ ಗೊತ್ತು. ಅಣ್ಣ ಕಳಿಸೋಣ ಅಂತಾನೆ.

ಫೋಟೋಗಳನ್ನ ಗೈಡ್‌ಗೆ ಇಮೇಲ್ ಮಾಡಿದೆ. ಉತ್ತರದಲ್ಲಿ ಒಂದೇ ಪ್ರಶ್ನೆ: ದಡದ ಮೇಲಿನ ಗೆರೆ ನೋಡಿದ್ರೆ ಈ ಹಳ್ಳದ ತಳ ಮೊದಲು ಇನ್ನೂ ಎತ್ತರದಲ್ಲಿ ಇದ್ದ ಹಾಗಿದೆ, ಇಲ್ಲಿದ್ದ ಮರಳು ಎಲ್ಲಿಗೆ ಹೋಯ್ತು?

ಅಪ್ಪಂಗೆ ಕೇಳಿದೆ. ಜೋರಾಗಿ ನಕ್ಕರು. "ಬೆಂಗಳೂರಲ್ಲಿ ನೀವಿದ್ರಲ್ಲ ಆರನೇ ಮಾಳಿಗೆ ಮನೆ, ಅಂಥ ಗೋಡೆಗಳ ಒಳಗಿದೆ ಅಂತ ಬರಿ."

ಹಾಗೇ ಬರೆದು ಕಳಿಸಿದ್ದೀನಿ. ಆ ಎರಡು ಕಟ್ಟೆಗಳ ರಿಪೇರಿ ನವೆಂಬರ್ ಮೂರನೇ ಶನಿವಾರ ಇದೆ. ಫೀನಿಕ್ಸ್, ಟೂಸಾನ್ ಕಡೆ ಇರೋ ಕನ್ನಡದೋರು ಯಾರಾದ್ರೂ ಬರೋದಾದ್ರೆ ಮೆಸೇಜ್ ಮಾಡಿ, ನನ್ನ ಕಾರಲ್ಲಿ ಮೂರು ಸೀಟು ಖಾಲಿ. ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು, ಗಟ್ಟಿ ಬೂಟು, ಚರ್ಮದ ಗ್ಲವ್ಸ್. ಊಟಕ್ಕೆ ಚಿತ್ರಾನ್ನ ನಾನು ತರ್ತೀನಿ.